ಅರಲ್ ಸಮುದ್ರದ ಜಮಾ-ಖರ್ಚು

ಉಜ್ಬೇಕಿಸ್ತಾನದಲ್ಲಿ ಮೊಯ್ನಾಕ್ ಎಂಬ ಊರಿದೆ. ಅಲ್ಲಿ ಮರಳಿನ ಮೇಲೆ ತುಕ್ಕು ಹಿಡಿದ ಹಡಗುಗಳು ನಿಂತಿವೆ. ಕಣ್ಣು ಹಾಯಿಸಿದಷ್ಟು ದೂರ ಸಮುದ್ರದ ಸುಳಿವಿಲ್ಲ. ಮರಳುಗಾಡಿಗೆ ಹಡಗು ಬಂದದ್ದು ಹೇಗೆ ಮಕ್ಕಳೇ? ಹಡಗುಗಳು ಊರಲ್ಲೇ ಉಳಿದವು, ಸಮುದ್ರವೇ ಊರು ಬಿಟ್ಟು ಹೋಯಿತು!

ಅದರ ಹೆಸರು ಅರಲ್. ಸಮುದ್ರವೆಂದು ಕರೆದರೂ ಅದು ಕಜಕಿಸ್ತಾನ, ಉಜ್ಬೇಕಿಸ್ತಾನಗಳ ನಡುವಿನ ಉಪ್ಪುನೀರಿನ ಸರೋವರ. 1960ರಲ್ಲಿ ಅದರ ವಿಸ್ತೀರ್ಣ ಸುಮಾರು 68,000 ಚದರ ಕಿಲೋಮೀಟರ್. ಎಂದರೆ ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಜಗತ್ತಿನ ಸರೋವರಗಳಲ್ಲಿ ಅದಕ್ಕೆ ನಾಲ್ಕನೆಯ ಸ್ಥಾನವಿತ್ತು.

ನಮ್ಮ ಕೆರೆಗಳು ತುಂಬಿದರೆ ಹೆಚ್ಚಾದ ನೀರು ಕೋಡಿ ಹರಿದು ಮುಂದಕ್ಕೆ ಹೋಗುತ್ತದೆ. ಅರಲ್‌ಗೆ ಕೋಡಿಯೇ ಇಲ್ಲ. ಪಾಮೀರ್ ಮತ್ತು ಟಿಯಾನ್ ಶಾನ್ ಬೆಟ್ಟಗಳ ಹಿಮ ಕರಗಿದ ನೀರನ್ನು ಅಮು ದರಿಯಾ, ಸಿರ್ ದರಿಯಾ ಎಂಬ ಎರಡು ನದಿಗಳು ತಂದು ಸುರಿಯುತ್ತಿದ್ದವು. ಹೆಚ್ಚುಕಡಿಮೆ ಅಷ್ಟೇ ನೀರನ್ನು ಬಿಸಿಲು ಹೀರುತ್ತಿತ್ತು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಇದು ಪರಿಚಯದ ಲೆಕ್ಕ. ನದಿಗಳದು ಜಮಾ, ಬಿಸಿಲಿನದು ಖರ್ಚು. ಎರಡೂ ಸರಿಹೊಂದಿದ್ದರಿಂದ ಸಮುದ್ರ ತುಂಬಿತ್ತು.

ಆಗ ಈ ನಾಡು ಸೋವಿಯತ್ ಒಕ್ಕೂಟದಲ್ಲಿತ್ತು. ಹತ್ತಿ ಬೆಳೆಯಲೆಂದು ಸರ್ಕಾರ ಎರಡೂ ನದಿಗಳ ನೀರನ್ನು ಕಾಲುವೆಗಳಿಗೆ ತಿರುಗಿಸಿತು. ಎಷ್ಟೋ ಕಾಲುವೆಗಳು ಬರೀ ಮಣ್ಣಿನವು, ಅರ್ಧ ದಾರಿಯಲ್ಲೇ ನೀರು ಇಂಗುತ್ತಿತ್ತು. ಸರೋವರ ಕುಗ್ಗುತ್ತದೆಂದು ಯೋಜನೆ ಮಾಡಿದವರಿಗೂ ಗೊತ್ತಿತ್ತು, ಆದರೆ ಹತ್ತಿಯ ಲಾಭವೇ ದೊಡ್ಡದೆಂದು ಎಣಿಸಿದರು.

ಜಮಾ ಕಡಿಮೆಯಾಯಿತು. ಬಿಸಿಲು ಮಾತ್ರ ತನ್ನ ಖರ್ಚು ಬಿಡಲಿಲ್ಲ. ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲವಲ್ಲ! ಉಳಿದ ನೀರು ವರ್ಷ ವರ್ಷಕ್ಕೂ ಹೆಚ್ಚು ಉಪ್ಪಾಗಿ ಮೀನುಗಳು ಸತ್ತವು. 1980ರ ದಶಕದ ಆರಂಭಕ್ಕೆ ಮೀನುಗಾರಿಕೆ ನಿಂತುಹೋಯಿತು. ಮೊಯ್ನಾಕ್‌ನ ಮೀನಿನ ಕಾರ್ಖಾನೆಗೆ ದೂರದ ಸಮುದ್ರಗಳಿಂದ ಮೀನು ತರಿಸಿ ಸ್ವಲ್ಪ ಕಾಲ ನಡೆಸಿದರು, ಕೊನೆಗೆ ಅದೂ ಮುಚ್ಚಿತು. ಬರಿದಾದ ತಳದಿಂದ ಉಪ್ಪು ಮತ್ತು ಹತ್ತಿಹೊಲದ ಔಷಧಿ ಬೆರೆತ ಧೂಳು ಎದ್ದು ಊರುಗಳ ಮೇಲೆ ಬೀಳತೊಡಗಿತು. ಚಳಿಗಾಲದ ಚಳಿ, ಬೇಸಿಗೆಯ ಬಿಸಿಲು ಎರಡೂ ಹೆಚ್ಚಾದವು. ಹತ್ತಿಯ ಲಾಭ ಎಣಿಸಿದವರ ಪುಸ್ತಕದಲ್ಲಿ ಈ ಧೂಳಿಗೆ ಕಾಲಮ್ಮೇ ಇರಲಿಲ್ಲ.

ಸಮುದ್ರ ಒಡೆದು ಉತ್ತರ, ದಕ್ಷಿಣ ಎಂದು ಎರಡಾಯಿತು. ಉತ್ತರದ ಚಿಕ್ಕ ಭಾಗಕ್ಕೆ ಸಿರ್ ದರಿಯಾ ಇನ್ನೂ ಸ್ವಲ್ಪ ನೀರು ತರುತ್ತಿತ್ತು. ಆ ನೀರು ದಕ್ಷಿಣಕ್ಕೆ ಹರಿದು ವ್ಯರ್ಥವಾಗದಂತೆ ಕಜಕಿಸ್ತಾನ, ವಿಶ್ವಬ್ಯಾಂಕಿನ ಸಾಲ ಪಡೆದು, 2005ರಲ್ಲಿ ಸುಮಾರು 13 ಕಿಲೋಮೀಟರ್ ಉದ್ದದ ಏರಿ ಕಟ್ಟಿ ಮುಗಿಸಿತು. ಅದರ ಹೆಸರು ಕೋಕರಲ್ ಅಣೆಕಟ್ಟು. ಎಣಿಸಿದ್ದಕ್ಕಿಂತ ಬೇಗ ನೀರು ಏರಿತು, ಉಪ್ಪು ಇಳಿಯಿತು, ಮೀನುಗಳು ಮರಳಿದವು. ಬಲೆಗಳೂ ಮತ್ತೆ ದೋಣಿ ಹತ್ತಿದವು.

ದಕ್ಷಿಣಕ್ಕೆ ಆ ಭಾಗ್ಯವಿರಲಿಲ್ಲ. ಅದರ ಪೂರ್ವಭಾಗ 2014ರಲ್ಲಿ ಪೂರ್ತಿ ಒಣಗಿತು. ಧೂಳು ಏಳದಂತೆ ಈಗ ಅಲ್ಲಿ ಸಕ್ಸಾಲ್ ಎಂಬ ಮರುಭೂಮಿಯ ಗಿಡಗಳನ್ನು ನೆಡುತ್ತಿದ್ದಾರೆ.

ಈ ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ನಿಮ್ಮೂರಿನ ಕೆರೆಯ ಏರಿಯ ಮೇಲೆ ನಡೆಯಿರಿ. ನೀರು ಯಾವ ಹಳ್ಳದಿಂದ ಬರುತ್ತದೆ, ಆ ಹಳ್ಳ ಇನ್ನೂ ತೆರೆದಿದೆಯೇ, ಕೋಡಿ ಕೊನೆಯ ಸಲ ಹರಿದದ್ದು ಯಾವ ವರ್ಷ ಎಂದು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ಪುಟದಲ್ಲಿ ಜಮಾ, ಎದುರಿನ ಪುಟದಲ್ಲಿ ಖರ್ಚು.