ಪಾಳಿ ಬದಲಿಸುವವರು ಯಾರು?

ಗಾಲಿಕುರ್ಚಿ ತಳ್ಳುವ ಕೈಗೆ ಕಟ್ಟಿದ ಫಿಟ್‌ನೆಸ್ ವಾಚು ಹೆಜ್ಜೆಗಳನ್ನು ಸರಿಯಾಗಿ ಎಣಿಸುವುದಿಲ್ಲ. ಅದರೊಳಗಿನ ಸೆನ್ಸರ್ ಗಮನಿಸುವುದು ಮಣಿಕಟ್ಟಿನ ಚಲನೆಯನ್ನು. ಕೈ ಹಿಡಿಕೆಯ ಮೇಲೆ ಅಲುಗದೆ ಕೂತಿದ್ದರೆ, ಮುಂಬಯಿಯ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಈ ತುದಿಯಿಂದ ಆ ತುದಿಗೆ ನಡೆದರೂ ಲೆಕ್ಕ ತಪ್ಪುತ್ತದೆ. ಪಾರ್ಶ್ವವಾಯು ಬಡಿದ ಮಾವನನ್ನು ಎತ್ತಿ ಕೂರಿಸುವಾಗ ಸೊಸೆಯ ಸೊಂಟ ಪಡುವ ಶ್ರಮ ಒಂದು ಹೆಜ್ಜೆಯಾಗಿಯೂ ದಾಖಲಾಗದು. ರಾತ್ರಿ ಅವರ ಕೆಮ್ಮಿಗೆ ಕಿವಿಗೊಟ್ಟು ಮಿಸುಕದೆ ಮಲಗಿದ್ದ ಹೊತ್ತನ್ನು ಅದು ಎಷ್ಟೋ ಸಲ ನಿದ್ದೆಯೆಂದೇ ಬರೆದುಕೊಳ್ಳುತ್ತದೆ.

ಆದರೂ ಡೊಂಬಿವಲಿ, ಮುಲುಂಡ್, ಬೊರಿವಲಿಯ ಮನೆಗಳಿಗೆ ಇಂಥ ವಾಚು ಬೇರೆಡೆ ಇರುವ ನೆಂಟರ ಉಡುಗೊರೆಯಾಗಿ ಬರುತ್ತದೆ. ಜೊತೆಗೆ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಅಕ್ಕರೆಯ ತಾಕೀತು. ಆ ಹತ್ತು ಸಾವಿರ ವೈದ್ಯರು ಗೊತ್ತುಮಾಡಿದ ಗಡಿಯಲ್ಲ. 1965ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಹೆಜ್ಜೆಮಾಪಕವೊಂದರ ಹೆಸರಿನಿಂದ ಹಬ್ಬಿದ್ದು. ಹಾರ್ವರ್ಡಿನ ಐ-ಮಿನ್ ಲೀ ತಂಡ 16,741 ಹಿರಿಯ ಮಹಿಳೆಯರ ನಡಿಗೆಯನ್ನು ಅಧ್ಯಯನ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. ದಣಿದವರಿಗೆ ಇದು ಧೈರ್ಯದ ಮಾತು.

ಹಾಗೆಂದು ಆರೈಕೆಯ ಓಡಾಟವೇ ವ್ಯಾಯಾಮವಲ್ಲ. ಅದು ದೇಹವನ್ನು ಸವೆಸುತ್ತದೆ. ಅಮೆರಿಕದ 1999ರ ಅಧ್ಯಯನವೊಂದರಲ್ಲಿ, ಸಂಗಾತಿಯ ಶುಶ್ರೂಷೆಯಲ್ಲಿ ಬಳಲಿದ್ದ ವೃದ್ಧರ ಸಾವಿನ ಅಪಾಯ ಅಂಥ ಹೊರೆಯಿಲ್ಲದವರಿಗಿಂತ ನಾಲ್ಕು ವರ್ಷಗಳಲ್ಲಿ ಶೇ. 63ರಷ್ಟು ಹೆಚ್ಚಿತ್ತು. ಮರೆವಿನ ರೋಗಿಗಳನ್ನು ಮನೆಯಲ್ಲಿ ನೋಡಿಕೊಳ್ಳುವ 100 ಮಹಿಳೆಯರ ಮೇಲೆ ಸಂಶೋಧಕಿ ಅಬ್ಬಿ ಕಿಂಗ್ ಅವರ ತಂಡ ನಡೆಸಿದ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ವರ್ಷವಿಡೀ ಹದವಾದ ವ್ಯಾಯಾಮ ಮಾಡಿದವರ ನಿದ್ದೆ ಸುಧಾರಿಸಿತು, ಒತ್ತಡದ ಗಳಿಗೆಯಲ್ಲಿ ರಕ್ತದೊತ್ತಡ ಏರುವುದು ತಗ್ಗಿತು.

ವ್ಯಾಯಾಮದ ಆ ಹೊತ್ತನ್ನು ಎಲ್ಲಿಂದ ತರುವುದು?

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮಕ್ಕಳೂ ಸೇರಿದಂತೆ ಮನೆಯವರ ಆರೈಕೆಯಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ 134 ನಿಮಿಷ ಕೊಟ್ಟರೆ, ಪುರುಷರು ಕೊಟ್ಟದ್ದು 76 ನಿಮಿಷ. ದಾದರಿನ ಶಿವಾಜಿ ಪಾರ್ಕಾಗಲಿ ಮಾಟುಂಗದ ಫೈವ್ ಗಾರ್ಡನ್ಸ್ ಆಗಲಿ ಮನೆಯ ಹತ್ತಿರವೇ ಇದ್ದರೂ, ಹಾಸಿಗೆ ಹಿಡಿದವರನ್ನು ಒಳಗೆ ಬಿಟ್ಟು ಬಾಗಿಲಿಗೆ ಬೀಗ ಹಾಕಿ ಹೋಗಲಾಗದು.

ಹಾಸಿಗೆ ಹಿಡಿದವರ ಆರೈಕೆ ದಶಕಗಟ್ಟಲೆ ನಡೆಯಬಲ್ಲದು ಎಂಬುದಕ್ಕೆ ಪರೇಲಿನಲ್ಲೇ ಒಂದು ನಿದರ್ಶನವಿದೆ. ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ಉತ್ತರ ಕನ್ನಡದ ಹಳದೀಪುರದಿಂದ ಬಂದ ನರ್ಸ್ ಅರುಣಾ ಶಾನಭಾಗ 1973ರ ನವೆಂಬರಿನಲ್ಲಿ ಕ್ರೂರ ಹಲ್ಲೆಗೊಳಗಾಗಿ ಪ್ರಜ್ಞೆ ಕಳೆದುಕೊಂಡರು. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರನ್ನು ಮನೆಮಗಳಂತೆ ನೋಡಿಕೊಂಡರು. 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಸೇವೆಯನ್ನು ಕೊಂಡಾಡಿತು. ದಾದಿಯರ ಪ್ರೀತಿ ದೊಡ್ಡದು. ಅದು ನಾಲ್ಕು ದಶಕ ಬಾಳಿದ್ದು ಪಾಳಿಯ ಬಲದಿಂದಲೂ ಹೌದು. ಒಬ್ಬಳು ಮನೆಗೆ ಹೊರಟಾಗ ಇನ್ನೊಬ್ಬಳು ಬರುತ್ತಿದ್ದಳು. ಫ್ಲಾಟಿನ ಸೊಸೆಗೆ ಆ ಇನ್ನೊಬ್ಬಳಿಲ್ಲ.

ವಾಚು ಕೊಟ್ಟವರು ಆ ಜಾಗ ತುಂಬಬಹುದು. ವಾಶಿಯ ಮೈದುನ, ಮೀರಾ ರೋಡಿನ ನಾದಿನಿ ವಾರಕ್ಕೊಂದು ಸಂಜೆ ಬಂದು ಕೂರಬೇಕು. ಮಾತ್ರೆಯ ಹೊತ್ತು, ಮಗ್ಗುಲು ಹೊರಳಿಸುವ ರೀತಿ ಕಲಿತಿರಬೇಕು. ನೆಂಟರಿಲ್ಲದ ಮನೆಗಳಿಗೆ ಮಾಟುಂಗದ ಮೈಸೂರು ಅಸೋಸಿಯೇಶನ್, ಕುರ್ಲಾದ ಬಂಟರ ಸಂಘದಂಥ ಸಂಸ್ಥೆಗಳು ನೆರವಾಗಬಲ್ಲವು. ನಾಟಕ, ಯಕ್ಷಗಾನಕ್ಕೆ ಊರೆಲ್ಲ ಸೇರಿಸುವ ಮುಂಬಯಿ ಕನ್ನಡಿಗರಿಗೆ, ಯಾವ ಉಪನಗರದಲ್ಲಿ ಯಾರು ಒಂದು ಗಂಟೆ ಬಿಡುವು ಮಾಡಿಕೊಂಡಾರು ಎಂಬ ಪಟ್ಟಿ ಸಿದ್ಧಪಡಿಸುವುದು ಕಷ್ಟವಲ್ಲ.