ಪಟ್ಟಿಯ ಕೊನೆಯ ಸಾಲು

ಮಧ್ಯಮ ವರ್ಗದ ಸಂಸಾರದಲ್ಲಿ ಪಟ್ಟಿಯಿಲ್ಲದೆ ಯಾವ ಕಾರ್ಯವೂ ನಡೆಯದು. ಮದುವೆಗೆ ಒಂದು ಪಟ್ಟಿ, ಹಬ್ಬಕ್ಕೆ ಒಂದು ಪಟ್ಟಿ, ಮನೆ ಕಟ್ಟುವಾಗಲಂತೂ ಪಟ್ಟಿಗೊಂದು ಮರಿಪಟ್ಟಿ. ಈ ಪಟ್ಟಿಗಳಿಗೆಲ್ಲ ಒಂದು ಸಮಾನ ಗುಣವುಂಟು. ಮೊದಲ ಸಾಲನ್ನು ಬರೆಯುವಾಗ ಇದ್ದ ಔದಾರ್ಯ ಕೊನೆಯ ಸಾಲಿಗೆ ಬರುವ ವೇಳೆಗೆ ಬತ್ತಿಹೋಗಿರುತ್ತದೆ. ವರನ ಉಡುಪಿಗೆ ಜರಿಯಂಚು. ಅಡುಗೆಯ ಸೌದೆಗೆ ಚೌಕಾಸಿ! ಆದರೆ ಮದುವೆಮನೆಯ ಮಾನ ಹೋಗುವುದು ಜರಿಯಿಂದಲ್ಲ, ಹೊತ್ತಿಗೆ ಸರಿಯಾಗಿ ಉರಿಯದ ಸೌದೆಯಿಂದ ಎಂಬುದನ್ನು ಅನುಭವಸ್ಥರೆಲ್ಲರೂ ಬಲ್ಲರು.

ಗಣಕಯಂತ್ರವನ್ನು ಕೊಳ್ಳುವವರಲ್ಲಿಯೂ ಈ ಪಟ್ಟಿಯ ಪಂಗಡವೊಂದಿದೆ. ಅಂಗಡಿಯಲ್ಲಿ ತೂಗುಹಾಕಿದ ಸಿದ್ಧ ಉಡುಪನ್ನು ತೊಡುವವರು ಕೆಲವರು; ಬಟ್ಟೆ ಕೊಂಡು, ಅಳತೆ ಕೊಟ್ಟು ಹೊಲಿಸಿಕೊಳ್ಳುವವರು ಕೆಲವರು. ಎರಡನೆಯವರು ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಯಂತ್ರವನ್ನು ಜೋಡಿಸಿಕೊಳ್ಳುತ್ತಾರೆ. ಇದು ಸಾಧ್ಯವಾದುದಕ್ಕೂ ಒಂದು ಇತಿಹಾಸವಿದೆ. 1981ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ರಚನೆಯ ವಿವರಗಳನ್ನೂ ಪ್ರಕಟಿಸಿತು. ಅದಕ್ಕೆ ಹೊಂದುವ ಭಾಗಗಳನ್ನು ಇತರರೂ ತಯಾರಿಸತೊಡಗಿದರು. 1995ರಲ್ಲಿ ಇಂಟೆಲ್ ಸಂಸ್ಥೆಯು ಎ.ಟಿ.ಎಕ್ಸ್. ಎಂಬ ಅಳತೆಯ ಕಟ್ಟಳೆಯೊಂದನ್ನು ಗೊತ್ತುಪಡಿಸಿತು. ಆದುದರಿಂದಲೇ ಇಂದು ಒಬ್ಬರ ಪೆಟ್ಟಿಗೆಯೊಳಗೆ ಇನ್ನೊಬ್ಬರ ಹಲಗೆ, ಮತ್ತೊಬ್ಬರ ಪಂಖ ತಿರುಪು ತಪ್ಪದೆ ಕೂರುತ್ತವೆ.

ಬೆಂಗಳೂರಿನ ದಕ್ಷಿಣ ಭಾಗದ ಒಂದು ಮನೆಯಲ್ಲಿ ಇಂಥ ಪಟ್ಟಿ ಎರಡು ಸಲ ಸಿದ್ಧವಾಯಿತು. ಮನೆಯ ಯಜಮಾನರು ಬ್ಯಾಂಕಿನ ಗುಮಾಸ್ತಿಕೆಯಿಂದ ನಿವೃತ್ತರಾದವರು, ಲೆಕ್ಕದಲ್ಲಿ ಬಿಗಿ. ಅವರ ಪತ್ನಿ ಮನೆಯಲ್ಲಿ ಕುಳಿತೇ ಸಣ್ಣ ಪ್ರಕಾಶಕರಿಗೆ ಕನ್ನಡ ಪುಸ್ತಕಗಳ ಅಕ್ಷರ ಜೋಡಣೆ, ಪುಟವಿನ್ಯಾಸಗಳನ್ನು ಮಾಡಿಕೊಡುವವರು. ಪುಟಕ್ಕಿಷ್ಟು ಎಂಬ ಆ ಸಂಪಾದನೆ ದೊಡ್ಡದಲ್ಲ. ಆದರೆ ಮಗನ ಎಂಜಿನಿಯರಿಂಗ್ ಕಾಲೇಜಿನ ಶುಲ್ಕದ ಹೆಚ್ಚಿನ ಪಾಲು ಆ ಪುಟಗಳಿಂದಲೇ ಸಲ್ಲುತ್ತಿದ್ದಿತು.

ಮೊದಲ ಯಂತ್ರದ ಪಟ್ಟಿಯನ್ನು ಬರೆದವರು ಯಜಮಾನರು. ಕೊನೆಯ ಸಾಲಿನಲ್ಲಿ ಪವರ್ ಸಪ್ಲೈ ಎಂಬ ಉಕ್ಕಿನ ಡಬ್ಬಿಯಿದ್ದಿತು. ಗೋಡೆಯಿಂದ ಬರುವ 230 ವೋಲ್ಟ್‌ಗಳ ವಿದ್ಯುತ್ತನ್ನು 12, 5, 3.3 ವೋಲ್ಟ್‌ಗಳಿಗೆ ಇಳಿಸಿ ಉಳಿದ ಭಾಗಗಳಿಗೆ ಉಣಬಡಿಸುವುದು ಅದರ ಕೆಲಸ. "ಒಳಗಿರುವ ಡಬ್ಬಿ ಯಾರ ಕಣ್ಣಿಗೆ ಬೀಳುತ್ತದೆ?" ಎಂದು ಅವರು ಪೆಟ್ಟಿಗೆಯ ಜೊತೆಗೇ ಬರುವ ಅಗ್ಗದ ಡಬ್ಬಿಯನ್ನು ಒಪ್ಪಿ ಎರಡು ಸಾವಿರ ರೂಪಾಯಿಗಳನ್ನು ಉಳಿಸಿದರು. ಆರು ವರ್ಷಗಳ ಕಾಲ ಅದು ಜಾಣತನದಂತೆಯೇ ಕಂಡಿತು.

2023ರ ಮಳೆಗಾಲದ ಒಂದು ರಾತ್ರಿ ದೀಪಗಳು ಹೋಗಿ ಬಂದುವು. ಮೇಜಿನ ಕೆಳಗಿನಿಂದ ಸುಟ್ಟ ವಾಸನೆ ಎದ್ದಿತು. ಡಬ್ಬಿ ತಾನು ಸಾಯುವಾಗ ಒಬ್ಬಂಟಿಯಾಗಿ ಸಾಯಲಿಲ್ಲ. ಮಿತಿ ಮೀರಿದ ವಿದ್ಯುತ್ತನ್ನು ಒಳಕ್ಕೆ ಬಿಟ್ಟು ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ತನ್ನೊಡನೆ ಕರೆದೊಯ್ದಿತೆಂದು ದುರಸ್ತಿಯವನು ವಿವರಿಸಿದನು. ಅರ್ಧ ಮುಗಿದಿದ್ದ ಎರಡು ಪುಸ್ತಕಗಳು ಹೋದುವು. ಅವನ್ನು ಮತ್ತೆ ಜೋಡಿಸಬಹುದಾಗಿದ್ದಿತು; ಜೋಡಿಸಿದ್ದೂ ಆಯಿತು. ಆದರೆ ಆಕೆಯ ತಂದೆ ತೀರಿಕೊಳ್ಳುವ ಮುನ್ನ ತಮ್ಮ ಹುಟ್ಟೂರಿನ ಜಾತ್ರೆ, ಕೆರೆ, ಶಾಲೆಗಳ ವಿಷಯ ಹೇಳಿದುದನ್ನು ಆಕೆ ಮೂರು ಸಂಜೆ ಕುಳಿತು ಧ್ವನಿಮುದ್ರಣ ಮಾಡಿಕೊಂಡಿದ್ದರು. ಅದಕ್ಕೆ ಬೇರೆ ಪ್ರತಿ ಇರಲಿಲ್ಲ. ಡಿಸ್ಕಿನಿಂದ ಮಾಹಿತಿಯನ್ನು ಮರಳಿ ತೆಗೆದುಕೊಡುವ ಒಂದು ಕಡೆ ವಿಚಾರಿಸಲು, ಹೊಸ ಯಂತ್ರವನ್ನೇ ಕೊಳ್ಳಬಹುದಾದಷ್ಟು ಹಣ ಕೇಳಿದರು. ಫಲದ ಭರವಸೆಯನ್ನು ಮಾತ್ರ ಕೊಡಲಿಲ್ಲ. ಆಕೆ ಡಿಸ್ಕನ್ನು ಒಂದು ಕರವಸ್ತ್ರದಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಪತಿಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಅವರ ಎದೆ ಹಗುರವಾಗುತ್ತಿತ್ತೇನೋ.

ಬಾಡಿಗೆಯ ಯಂತ್ರದಲ್ಲಿ ತಿಂಗಳುಗಟ್ಟಲೆ ಕೆಲಸ ಸಾಗಿತು. 2024ರಲ್ಲಿ ಚೀಟಿಯ ಹಣ ಕೈಸೇರಿತು: ಅರವತ್ತು ಸಾವಿರ ರೂಪಾಯಿ. ಎರಡನೆಯ ಪಟ್ಟಿಯನ್ನು ಮಗ ಬರೆದನು.

ಹದಿಹರೆಯ ದಾಟುತ್ತಿರುವ ಹುಡುಗನ ಪಟ್ಟಿ ಹೇಗಿರಬೇಕೋ ಹಾಗೆಯೇ ಇದ್ದಿತು. ಮೊದಲ ಸಾಲಿನಲ್ಲಿ ಗ್ರಾಫಿಕ್ಸ್ ಕಾರ್ಡು; ಅದೊಂದೇ ಅರ್ಧದಷ್ಟು ಹಣವನ್ನು ನುಂಗಿದ್ದಿತು. ಆಟಗಳ ಚಿತ್ರಗಳನ್ನು ಮಿಂಚಿನಂತೆ ಬಿಡಿಸುವುದರಲ್ಲಿ ಅದಕ್ಕೆ ಸಮಾನವಾದುದಿಲ್ಲವೆಂಬುದು ನಿಜ. ಆದರೆ ಉಳಿದವುಗಳಿಗೆ ಗತಿಯೇನು? ಪ್ರೊಸೆಸರ್ ನಿಧಾನ, ನೆನಪು ಕಿರಿದು, ಪರದೆ ಹಳೆಯದು. ರೇಸಿನ ಕುದುರೆಯೊಂದನ್ನೂ ಮುದಿ ಎತ್ತೊಂದನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಬಂಡಿ ಕುದುರೆಯ ವೇಗದಲ್ಲಿ ಹೋಗುವುದೇ? ಎತ್ತಿನ ವೇಗದಲ್ಲಿ ಹೋಗುತ್ತದೆ. ಕುದುರೆಗೆ ಕೊಟ್ಟ ಹಣ ಹುಲ್ಲಿಗೆ ಸಮನಾಗುತ್ತದೆ. ಯಂತ್ರವನ್ನು ಜೋಡಿಸುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ "ಯಾವುದು ಅತ್ಯುತ್ತಮ?" ಎಂಬುದಲ್ಲ, "ಏತಕ್ಕಾಗಿ?" ಎಂಬುದು.

ಏತಕ್ಕಾಗಿ ಎಂಬುದಕ್ಕೆ ಆ ಮನೆಯಲ್ಲಿ ಉತ್ತರ ಸ್ಪಷ್ಟವಾಗಿದ್ದಿತು. ದಿನಕ್ಕೆ ಎಂಟು ಗಂಟೆ ಆ ಪರದೆಯನ್ನು ನೋಡುವವರು ತಾಯಿ. ಒತ್ತಕ್ಷರದ ಬಾಲ ಮೇಲಿನ ಸಾಲಿಗೆ ತಗಲಿದೆಯೇ, ದೀರ್ಘದ ಗುರುತು ಬಿಟ್ಟುಹೋಗಿದೆಯೇ ಎಂದು ಹುಡುಕುವ ಕಣ್ಣುಗಳಿಗೆ ಐವತ್ತು ದಾಟಿದ್ದಿತು. ಹುಡುಗ ಒಂದು ಸಂಜೆ ತಾಯಿಯ ಹಿಂದೆ ನಿಂತು, ಆಕೆ ಕನ್ನಡಕವನ್ನು ಹಣೆಗೇರಿಸಿ ಪರದೆಗೆ ಮುಖ ತಾಗುವಷ್ಟು ಬಾಗಿದುದನ್ನು ಕಂಡನು. ಅಂದು ರಾತ್ರಿ ಕಾರ್ಡಿನ ಸಾಲನ್ನು ತಾನೇ ಹೊಡೆದುಹಾಕಿದನು.

ಆದರೆ ಇಂಥ ಪಟ್ಟಿಯಲ್ಲಿ ಒಂದು ಸಾಲನ್ನು ಹೊಡೆದರೆ ಇನ್ನೊಂದು ಸಾಲು ತಾನಾಗಿ ಕುಂಟುತ್ತದೆ. ಅವನು ಆರಿಸಿದ್ದ ಇಂಟೆಲ್ ಪ್ರೊಸೆಸರಿನ ಹೆಸರು ಎಫ್ ಎಂಬ ಅಕ್ಷರದಿಂದ ಮುಗಿಯುತ್ತಿದ್ದಿತು. ಬೆಲೆ ಕೊಂಚ ಕಡಿಮೆ. ಆದರೆ ಆ ಅಕ್ಷರದ ಅರ್ಥ, ಅದರೊಳಗೆ ಚಿತ್ರ ಮೂಡಿಸುವ ಭಾಗವಿಲ್ಲವೆಂದು. ಕಾರ್ಡಿಲ್ಲದೆ ಅದನ್ನು ತಂದಿದ್ದರೆ ಯಂತ್ರ ಓಡುತ್ತಿತ್ತು, ಪರದೆ ಕತ್ತಲೆಯಾಗಿಯೇ ಉಳಿಯುತ್ತಿತ್ತು! ಆದುದರಿಂದ ಎ.ಎಂ.ಡಿ. ಸಂಸ್ಥೆಯ ರೈಜೆನ್ 5 5600ಜಿ ಎಂಬುದನ್ನು ಗೊತ್ತುಮಾಡಿದರು. 2021ರಲ್ಲಿ ಬಂದ ಆ ಚಿಪ್ಪಿಗೆ ಆರು ಕೋರುಗಳು. ಚಿತ್ರದ ಭಾಗವೂ ಒಳಗೇ ಇದೆ.

ಪ್ರೊಸೆಸರ್ ಗೊತ್ತಾದರೆ ಮದರ್‌ಬೋರ್ಡಿನ ಕುಲವೂ ಗೊತ್ತಾದಂತೆಯೇ. ಈ ಚಿಪ್ಪು ಕೂರುವುದು ಎ.ಎಂ.4 ಎಂಬ ಪೀಠದಲ್ಲಿ, ಅಲ್ಲಿಗೆ ಡಿ.ಡಿ.ಆರ್.4 ನೆನಪೇ ಆಗಬೇಕು. 2022ರಲ್ಲಿ ಬಂದ ಎ.ಎಂ.5 ಪೀಠಕ್ಕೆ ಡಿ.ಡಿ.ಆರ್.5 ಒಂದೇ ಸಲ್ಲುತ್ತದೆ. ಎರಡೂ ನೆನಪಿನ ಪಟ್ಟಿಕೆಗಳು ನೋಡಲು ಅವಳಿಗಳಂತಿದ್ದರೂ ಕಚ್ಚು ಬೇರೆಯಾದ್ದರಿಂದ ಒಂದರ ಮನೆಗೆ ಇನ್ನೊಂದು ಹೋಗದು. ಹೊಸ ಪೀಠವನ್ನು ಕೊಂಡರೆ ಮುಂದಿನ ವರ್ಷಗಳಲ್ಲಿ ಚಿಪ್ಪನ್ನು ಮಾತ್ರ ಬದಲಿಸುವ ಅನುಕೂಲವಿದ್ದಿತು. ಹಳೆಯದನ್ನು ಕೊಂಡರೆ ಅಂದಿನ ಲೆಕ್ಕದಲ್ಲಿ ಏಳೆಂಟು ಸಾವಿರದ ಉಳಿತಾಯ. ನಾಳೆಯ ಸುಖಕ್ಕೆ ಇಂದಿನ ಅಗತ್ಯವನ್ನು ಅಡವಿಡಲು ಮನೆಯವರು ಒಪ್ಪಲಿಲ್ಲ. ಉಳಿದ ಹಣ ಪರದೆಗೆ ಸಂದಿತು.

16 ಜಿಬಿ ನೆನಪನ್ನು ಒಂದೇ ಪಟ್ಟಿಕೆಯಾಗಿ ಕೊಳ್ಳದೆ 8ರ ಜೋಡಿಯಾಗಿ ಕೊಂಡರು. ಎರಡು ದಾರಿಗಳಲ್ಲಿ ಒಮ್ಮೆಗೇ ಸಂಚಾರ ನಡೆಯುವುದರಿಂದ, ಕಾರ್ಡಿಲ್ಲದ ಯಂತ್ರಕ್ಕೆ ಇದು ವಿಶೇಷ ಲಾಭ. ದಾಸ್ತಾನಿಗೆ 1 ಟಿಬಿಯ ಎನ್.ವಿ.ಎಂ.ಇ. ಎಸ್.ಎಸ್.ಡಿ. ತಿರುಗುವ ಹಳೆಯ ಡಿಸ್ಕು ಸೆಕೆಂಡಿಗೆ 150ರಿಂದ 200 ಎಂಬಿಯಷ್ಟು ಓದಿದರೆ, ಇದು ಮೂರು ಸಾವಿರವನ್ನೂ ಮೀರಬಲ್ಲದು. ಮುನ್ನೂರು ಪುಟದ ಪುಸ್ತಕವನ್ನು ತೆರೆಯುವಾಗ ಕಾಫಿ ಕಾಯಿಸಿ ಬರುವಷ್ಟು ಬಿಡುವು ಇನ್ನು ಸಿಕ್ಕದು ಎಂದು ಯಜಮಾನರು ಹಾಸ್ಯ ಮಾಡಿದರು.

ಪಟ್ಟಿ ಹಿಡಿದು ತಂದೆ ಮಗ ಪುರಭವನದ ಬಳಿಯ ಎಸ್.ಪಿ. ರಸ್ತೆಗೆ ಹೋದರು. ಇಕ್ಕಟ್ಟಾದ ಆ ಬೀದಿಯಲ್ಲಿ ಬಿಡಿಭಾಗಗಳ ಅಂಗಡಿಗಳು ಒಂದರ ಹೆಗಲಿಗೆ ಒಂದು ತಗಲಿಕೊಂಡು ನಿಂತಿವೆ. ಒಬ್ಬ ವರ್ತಕನು ಪಟ್ಟಿಯನ್ನು ನೋಡಿ, ಕೊನೆಯಲ್ಲಿ ಬೆರಳಿಟ್ಟು, "ಇಷ್ಟು ದುಬಾರಿ ಪವರ್ ಸಪ್ಲೈ ಏಕೆ ಸ್ವಾಮಿ? ಕ್ಯಾಬಿನೆಟ್ಟಿನ ಜೊತೆಗೇ ಒಂದು ಕೊಡುತ್ತೇನೆ. ಬಿಲ್ಲು ಬೇಡವೆಂದರೆ ತೆರಿಗೆಯೂ ಉಳಿಯುತ್ತದೆ" ಎಂದನು.

ನೂರಕ್ಕೆ 18ರ ತೆರಿಗೆ ಎಂದರೆ ಸಣ್ಣ ಮಾತಲ್ಲ. ನಿವೃತ್ತ ಗುಮಾಸ್ತರಿಗಂತೂ ಅಲ್ಲವೇ ಅಲ್ಲ. ಮಗ ತಂದೆಯ ಮುಖವನ್ನು ನೋಡಿದನು. ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಮೆಲ್ಲನೆ, "ಮೊದಲು ಆ ಸಾಲಿನದನ್ನು ಕೊಡಿ. ಉಳಿದದ್ದು ಆಮೇಲೆ. ಬಿಲ್ಲಿನ ಸಮೇತ" ಎಂದರು.

ಅವರು ವಿಷಯವನ್ನು ಓದಿಕೊಂಡೇ ಹೋಗಿದ್ದರು. 2004ರಲ್ಲಿ ಆರಂಭವಾದ 80 ಪ್ಲಸ್ ಎಂಬ ಮುದ್ರೆಯುಳ್ಳ ಡಬ್ಬಿ, ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ 80 ಪಾಲನ್ನಾದರೂ ಯಂತ್ರಕ್ಕೆ ಮುಟ್ಟಿಸುತ್ತದೆ. 500 ವಾಟ್ ಎಳೆದರೆ 400ಕ್ಕೆ ಕಡಿಮೆಯಿಲ್ಲದೆ ಕೊಡುತ್ತದೆ, ಉಳಿದುದು ಶಾಖವಾಗಿ ಹೋಗುತ್ತದೆ. ಆದರೆ ಆ ಮುದ್ರೆ ಮಿತವ್ಯಯಕ್ಕೆ ಸಾಕ್ಷಿಯೇ ಹೊರತು ರಕ್ಷಣೆಗೆ ಅಲ್ಲ. ಮಿತಿ ಮೀರಿದ ವೋಲ್ಟೇಜು, ಮಿತಿ ಮೀರಿದ ಪ್ರವಾಹ, ಶಾರ್ಟ್ ಸರ್ಕ್ಯೂಟು ಇವುಗಳು ಕಂಡೊಡನೆ ಬಾಗಿಲು ಮುಚ್ಚಿಕೊಳ್ಳುವ ಏರ್ಪಾಡು ಒಳಗಿದೆಯೇ, ತಯಾರಕರು ಎಷ್ಟು ವರ್ಷಗಳ ಹೊಣೆ ಹೊರುತ್ತಾರೆ ಎಂಬುದನ್ನು ಬೇರೆಯಾಗಿಯೇ ನೋಡಬೇಕು. ಆ ಹೊಣೆಯನ್ನು ಕೇಳಲು ಹೋದಾಗ ಕೈಯಲ್ಲಿ ಬಿಲ್ಲಿರಬೇಕು.

ಮನೆಗೆ ಬಂದು ಲೆಕ್ಕ ಕೂಡಿಸಿದರು. ಪ್ರೊಸೆಸರ್ 12, ಬೋರ್ಡು 9, ನೆನಪು 4, ಎಸ್.ಎಸ್.ಡಿ. 6, ಪವರ್ ಸಪ್ಲೈ 5, ಕ್ಯಾಬಿನೆಟ್ 4, ಮಾನಿಟರ್ 11, ಯು.ಪಿ.ಎಸ್. 4, ಸುಮಾರಾಗಿ 55 ಸಾವಿರ. ಕೀಲಿಮಣೆ, ಮೌಸುಗಳು ಹಳೆಯವೇ. ಐದು ಸಾವಿರ ಉಳಿಯಿತು. ಮಗನಿಗೆ ಅದರಿಂದ ಏನು ಆಸೆಯಾಯಿತೋ, ಅವನು ಹೇಳಲಿಲ್ಲ.

ಭಾನುವಾರ ಊಟದ ಮೇಜಿನ ಮೇಲೆ ಜೋಡಣೆ ನಡೆಯಿತು. ಪ್ರೊಸೆಸರಿನ ತಂಪುಕಾರಕವನ್ನು ಕೂರಿಸುವಾಗ ಹುಡುಗನ ಹಣೆ ಬೆವರಿತು. ಗುಂಡಿ ಒತ್ತಿದರೆ ಪಂಖಗಳು ತಿರುಗಿದುವು. ಪರದೆಯಲ್ಲಿ ಏನೂ ಇಲ್ಲ! ತಂದೆಯ ಮುಖ ಬಿಳಿಚಿತು. ನೋಡಿದರೆ, ಪ್ರೊಸೆಸರಿಗೆಂದೇ ಇರುವ ಎಂಟು ಕಡ್ಡಿಗಳ ವಿದ್ಯುತ್ ತಂತಿಯನ್ನು ಬೋರ್ಡಿನ ಮೂಲೆಯಲ್ಲಿ ಸಿಕ್ಕಿಸುವುದನ್ನು ಮರೆತಿದ್ದನು. ಸಿಕ್ಕಿಸಿ ಒತ್ತಿದಾಗ ಬೆಳಕು ಮೂಡಿತು. ತಾಯಿ ಬಂದು ಕುಳಿತು, ಒಂದು ಪುಟವನ್ನು ತೆರೆದು, ಬೆನ್ನನ್ನು ಕುರ್ಚಿಗೆ ಆನಿಸಿದರು. ಬಾಗದೆಯೇ ಓದಿದರು.

ಬೋರ್ಡಿನಲ್ಲಿ ಕಾರ್ಡಿನ ಸ್ಥಾನ ತೆರವಾಗಿಯೇ ಇದೆ. ಡಬ್ಬಿಗೂ ಅದನ್ನು ಸಾಕುವ ಶಕ್ತಿಯಿದೆ. ತನ್ನ ಮೊದಲ ಸಂಬಳದಲ್ಲಿ ತರುವೆನೆಂದು ಮಗ ಹೇಳಿಕೊಂಡಿದ್ದಾನೆ. ಕಾದವರಿಗೆಲ್ಲ ಅಗ್ಗವಾಗಿ ಸಿಕ್ಕುತ್ತದೆಂಬ ಭರವಸೆ ಈ ಪೇಟೆಯಲ್ಲಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಚಿಪ್ಪುಗಳನ್ನು ಸೆಳೆದುಕೊಂಡುದರಿಂದ ನೆನಪಿನ ಬೆಲೆ ಬರಗಾಲದ ಈರುಳ್ಳಿಯಂತೆ ಏರಿತು. ಆದರೂ ಅವನು ತಾಯಿಯ ಪರದೆಯನ್ನು ಕುರಿತು ಪಶ್ಚಾತ್ತಾಪ ಪಟ್ಟುದನ್ನು ಯಾರೂ ಕೇಳಿಲ್ಲ.

ಉಳಿದ ಐದು ಸಾವಿರಕ್ಕೆ ಹೊರಗಿಡುವ ಹಾರ್ಡ್ ಡಿಸ್ಕೊಂದನ್ನು ತಂದವರು ಯಜಮಾನರು. ಪಟ್ಟಿಯಲ್ಲಿ ಅದು ಇರಲಿಲ್ಲ. ಪ್ರತಿ ಶುಕ್ರವಾರ ಸಂಜೆ, ಪತ್ನಿ ದೇವರ ದೀಪ ಹಚ್ಚುವ ಹೊತ್ತಿಗೆ, ಅವರು ಕನ್ನಡಕ ಏರಿಸಿ ಯಂತ್ರದ ಮುಂದೆ ಕುಳಿತು ಆ ವಾರದ ಕೆಲಸವನ್ನೆಲ್ಲ ಅದರೊಳಗೆ ಪ್ರತಿ ಮಾಡುತ್ತಾರೆ. ಮುಗಿದ ಮೇಲೆ ತಂತಿಯನ್ನು ಬಿಡಿಸಿ ಬೀರುವಿನಲ್ಲಿಡುತ್ತಾರೆ. ಅದನ್ನಿಡುವ ಜಾಗ ಕರವಸ್ತ್ರದಲ್ಲಿ ಸುತ್ತಿದ ಹಳೆಯ ಡಿಸ್ಕಿನ ಪಕ್ಕದಲ್ಲಿಯೇ. ಆಕೆ ಅದನ್ನು ನೋಡಿದ್ದಾರೆ. ಈ ವಿಷಯದಲ್ಲಿ ಇಬ್ಬರ ನಡುವೆ ಇಂದಿಗೂ ಮಾತು ನಡೆದಿಲ್ಲ. ಆದರೆ ಶುಕ್ರವಾರದ ಆ ಹೊತ್ತಿಗೆ ಮೇಜಿನ ಮೇಲೆ ಒಂದು ಲೋಟ ಕಾಫಿ ತಾನಾಗಿ ಬಂದಿರುತ್ತದೆ.