ಪದ್ಮಿನಿಯ ಖಾತೆ

ಭಾನುವಾರ ದೋಸೆ ತಿಂದು, ಹಳೆಯ ಕಾಟನ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಾನು ಶೆಡ್ಡಿಗೆ ಹೋದೆನೆಂದರೆ ಹನ್ನೊಂದು ಗಂಟೆಯವರೆಗೆ ಮನೆಯಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ. ಅದು ಪದ್ಮಿನಿಯ ಹೊತ್ತು. ಬಾಗಿಲು ತೆರೆದ ಕೂಡಲೇ ಪೆಟ್ರೋಲು, ಗ್ರೀಸು, ಹಳೆಯ ರೆಕ್ಸಿನ್ನು, ಅಟ್ಟದ ಮೇಲಿನ ಒಣ ಅಡಿಕೆ ಎಲ್ಲ ಸೇರಿದ ಒಂದು ವಾಸನೆ ಬರುತ್ತದೆ. ಬಾನೆಟ್ ಎತ್ತುತ್ತೇನೆ. ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡುತ್ತೇನೆ. ರೇಡಿಯೇಟರಿಗೆ ಒಂದು ಚೊಂಬು ನೀರು. ಬ್ಯಾಟರಿಯ ತುದಿಗೆ ಕಟ್ಟಿದ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದು ವ್ಯಾಸಲೀನ್ ಹಚ್ಚುತ್ತೇನೆ. ಆಮೇಲೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಒಮ್ಮೆ ಕೆಮ್ಮಿ, ಎರಡನೆಯ ಸಲಕ್ಕೆ ಹಿಡಿದುಕೊಳ್ಳುತ್ತದೆ. ಚೋಕನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತ, ನಾಲ್ಕು ಸಿಲಿಂಡರೂ ಒಂದೇ ತಾಳಕ್ಕೆ ಬರುವುದನ್ನು ಕೇಳುವುದು ನನ್ನ ವಾರದ ದೊಡ್ಡ ಸುಖ.

ಈ ಕಾರು ತನ್ನ ಆರೋಗ್ಯವನ್ನು ತಾನೇ ಹೇಳುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿಯಾದ ಕಾಫಿ ಬಣ್ಣಕ್ಕಿದ್ದರೆ ಪೆಟ್ರೋಲು ಮತ್ತು ಗಾಳಿ ಹದವಾಗಿ ಸೇರುತ್ತಿವೆ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ಜೋಡಿ ಪಾಯಿಂಟುಗಳನ್ನು ನುಣುಪು ಮರಳುಕಾಗದದಿಂದ ಉಜ್ಜಿ, ಎರಡರ ನಡುವೆ ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ ಅಂತರ ಹೊಂದಿಸಬೇಕು. ಪಟ್ಟಿ ಬಿಗಿಯಾಗಿ ಸಿಕ್ಕಬಾರದು, ಸಡಿಲವಾಗಿ ಜಾರಲೂಬಾರದು. ಎಳೆದಾಗ ಸ್ವಲ್ಪ ಮಾತ್ರ ತಡೆಯಬೇಕು. ಹೋಳಿಗೆಯ ಕಣಕ ಹದಕ್ಕೆ ಬಂತೆಂದು ಬೆರಳಿಗೇ ಗೊತ್ತಾಗುವ ಹಾಗೆ ಇದೂ ಬೆರಳಿಗೇ ಗೊತ್ತಾಗುತ್ತದೆ.

ಇದನ್ನೆಲ್ಲ ಕಲಿಸಿದವರು ಅಪ್ಪಯ್ಯ. ಸಾಗರದಲ್ಲಿ ಅವರದ್ದು ಅಡಿಕೆ ಮಂಡಿ. ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ ಅವರೂ ಕಾದು, 1979ರಲ್ಲಿ ಈ ಪದ್ಮಿನಿಯನ್ನು ತಂದರು. ಮುಂಬಯಿಯ ಕುರ್ಲಾದಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಹೆಸರಲ್ಲಿ ತಯಾರಾಗುತ್ತಿದ್ದ ಗಾಡಿಯೇ ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಹೆಸರು ಬದಲಾದರೂ ನಮ್ಮೂರಿನ ಬಾಯಲ್ಲಿ ಅದು ಫಿಯೆಟ್ಟೇ. 1089 ಸಿಸಿಯ ಎಂಜಿನ್ನು, ಸ್ಟೀರಿಂಗಿನ ಕೆಳಗೇ ಗೇರು, ಬೆಂಚಿನಂಥ ಮುಂದಿನ ಸೀಟು. ಆ ಸೀಟಿನ ನಡುವೆ ಕೂತು ನಾನು ಶಾಲೆಗೆ ಹೋದವಳು. ಹತ್ತೊಂಬತ್ತಕ್ಕೆ ಸ್ಟೀರಿಂಗ್ ಹಿಡಿದಾಗ ಅಪ್ಪಯ್ಯ, "ಓಡಿಸೋದು ಆಮೇಲೆ ತಂಗಿ, ಮೊದಲು ಪ್ಲಗ್ ಬಿಚ್ಚು" ಅಂದಿದ್ದರು.

ಅವರು ಪ್ರತಿ ಖರ್ಚನ್ನೂ ಬರೆಯುವವರು. ಮಂಡಿಯ ಕೆಂಪು ಬಟ್ಟೆಯ ಖಾತೆ ಪುಸ್ತಕಗಳಲ್ಲಿ ಒಂದು ಕಾರಿನದ್ದು. ಟೈರು, ಕ್ಲಚ್ ಪ್ಲೇಟು, ಫ್ಯಾನ್ ಬೆಲ್ಟು ಎಲ್ಲಕ್ಕೂ ತಾರೀಖು, ಮೊತ್ತ. ಎದುರು ಪುಟದಲ್ಲಿ ಆದಾಯ ಬರೆಯಬೇಕಾದ ಜಾಗದಲ್ಲಿ ಅವರು ಕಾರು ಹೋದ ಊರುಗಳನ್ನು ಬರೆದಿದ್ದಾರೆ. ಇಕ್ಕೇರಿ, ಸಿಗಂದೂರು, ಶಿರಸಿ ಜಾತ್ರೆ, ನನ್ನ ಹೆರಿಗೆಗೆ ಶಿವಮೊಗ್ಗದ ಆಸ್ಪತ್ರೆ. ಅವರು ಹೋದ ಮೇಲೆ ಆ ಪುಸ್ತಕವನ್ನು ನಾನು ಮುಂದುವರಿಸಿದ್ದೇನೆ.

ಅದರ ಒಂದು ಪುಟದಲ್ಲಿ 'ಮಾಲೆಮನೆ ಘಾಟಿ, ಒದ್ದೆ ಬಟ್ಟೆ' ಎಂದಿದೆ. ಏಪ್ರಿಲಿನ ಮಧ್ಯಾಹ್ನ ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಘಾಟಿ ಹತ್ತುತ್ತಿದ್ದೆವು. ನಡು ಏರಿನಲ್ಲಿ ಎಂಜಿನ್ನು ನಿಂತಿತು. ಅಮ್ಮ ಗಾಬರಿಯಾದರು. ಅಪ್ಪಯ್ಯ ಬಾನೆಟ್ ಎತ್ತಿ, ನೀರಲ್ಲಿ ಅದ್ದಿದ ಪಂಚೆಯನ್ನು ಪೆಟ್ರೋಲ್ ಪಂಪಿನ ಮೇಲೆ ಹೊದಿಸಿದರು. ಸೆಕೆಗೆ ಪಂಪಿನೊಳಗಿನ ಪೆಟ್ರೋಲು ಆವಿಯಾಗಿ, ಆ ಆವಿಯೇ ದಾರಿ ಕಟ್ಟಿಬಿಡುತ್ತದೆ, ಪಂಪು ತಣಿದರೆ ಪೆಟ್ರೋಲು ತಾನೇ ಹರಿಯುತ್ತದೆ ಎಂದು ವಿವರಿಸಿದರು. ಅರ್ಧ ಗಂಟೆ ಮರದ ನೆರಳಲ್ಲಿ ಕೋಕಂ ಶರಬತ್ತು ಕುಡಿದು, ಮತ್ತೆ ಹೊರಟೆವು. ಕೆಟ್ಟದ್ದಕ್ಕೆ ಕಾರಣ ಇರುತ್ತದೆ, ಕಾರಣ ಸಿಕ್ಕರೆ ದಾರಿ ಇರುತ್ತದೆ ಎಂಬುದನ್ನು ನಾನು ಕಲಿತದ್ದು ಆ ತಿರುವಿನಲ್ಲಿ.

ಈ ವರ್ಷ ಕಾರಣ ಕಣ್ಣ ಮುಂದೆಯೇ ಇತ್ತು, ದಾರಿ ಕಾಣುತ್ತಿರಲಿಲ್ಲ. ಮಳೆ ಬಿಡುವು ಕೊಡದೆ ಸುರಿದು ನಮ್ಮ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಆಗಲಿಲ್ಲ. ಕೊಳೆರೋಗ ಬಂದು ಎಳೆ ಅಡಿಕೆ ಮರದ ಬುಡದಲ್ಲಿ ಹಾಸಿಬಿತ್ತು. ಉಳಿದ ಮರಗಳಿಗೆ ಎಲೆಚುಕ್ಕೆ ರೋಗ. ಫಸಲು ಅರ್ಧಕ್ಕಿಳಿಯಿತು. ಮಗಳ ಕಾಲೇಜಿಗೆ 1,20,000 ರೂಪಾಯಿ ಫೀಸು ಕಟ್ಟಬೇಕು. ಅದರ ಮೇಲೆ, ಅಡಿಕೆಗೆ ಒಳ್ಳೆಯ ರೇಟಿದ್ದಾಗ ಸಾಲ ಮಾಡಿ ಕೊಂಡ ಹೊಸ ಕಾರಿನ ಕಂತು, ತಿಂಗಳಿಗೆ 13,400.

ಆಗಲೇ ಬೆಂಗಳೂರಿನವರೊಬ್ಬರು ಬಂದು ಪದ್ಮಿನಿಯನ್ನು ಸುತ್ತಿ ನೋಡಿ, 1,80,000 ಕೊಡುತ್ತೇನೆಂದರು. ಹೋಟೆಲಿನ ಮುಂದೆ ಅಲಂಕಾರಕ್ಕೆ ನಿಲ್ಲಿಸುತ್ತಾರಂತೆ. ನಮ್ಮ ಮನೆಯವರು ಏನೂ ಹೇಳಲಿಲ್ಲ. ರಾತ್ರಿ ಊಟ ಮಾಡುವಾಗ, "ನಿನ್ನ ಅಪ್ಪಯ್ಯನ ಕಾರು, ನೀನು ಹೇಳಿದ್ದೇ ಆಗಲಿ" ಅಂದರು. ಮಗಳು ಫೋನಿನಲ್ಲಿ, "ನನ್ನ ಫೀಸಿಗೋಸ್ಕರ ಅದನ್ನ ಕೊಡಬೇಡ ಅಮ್ಮ" ಎಂದು ಅತ್ತಳು. ಆ ಅಳು ಕೇಳಿದ ಮೇಲೆ ಮನಸ್ಸಿನ ಮಾತೊಂದನ್ನೇ ನಂಬಿ ಕೂರಬಾರದು ಅನ್ನಿಸಿತು. ಖಾತೆ ಪುಸ್ತಕ ತೆಗೆದೆ.

ಪದ್ಮಿನಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ ನಾಲ್ಕು ಸಾವಿರದಷ್ಟು. ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಿಂದ ಅದರ ಶುಲ್ಕ 10,000, ಅಂದರೆ ವರ್ಷಕ್ಕೆ ಎರಡು ಸಾವಿರ. ಆಯಿಲು, ಪ್ಲಗ್ಗು, ಸಣ್ಣಪುಟ್ಟ ರಿಪೇರಿ ಒಂಬತ್ತು ಸಾವಿರ. ಕೂಲಿ ಇಲ್ಲ, ಕೈ ನನ್ನದೇ. ಒಟ್ಟು 15,000. ಇನ್ನೊಂದು ಕಾರು ಒಂದೇ ತಿಂಗಳಲ್ಲಿ ಹೆಚ್ಚುಕಡಿಮೆ ಅಷ್ಟನ್ನು ಒಯ್ಯುತ್ತದೆ. ಪದ್ಮಿನಿಯನ್ನು ಮಾರಿದರೆ ಫೀಸು ಕಟ್ಟಿ ಮಿಗುವ 60,000 ನಾಲ್ಕು ಕಂತಿಗೆ ಸಾಕು. ಐದನೆಯ ತಿಂಗಳು ಮತ್ತೆ ಇದೇ ರಾತ್ರಿ. ಹೊಸದನ್ನು ಮಾರಿದರೆ 4,90,000 ಬರುವಂತಿತ್ತು. ಸಾಲದ ಬಾಕಿ 3,15,000 ತೀರಿ, ಫೀಸೂ ಕಟ್ಟಿ, ಕಂತೇ ನಿಲ್ಲುತ್ತದೆ. ಮಾರಬೇಕಾದದ್ದು ಯಾವುದೆಂಬ ಪ್ರಶ್ನೆಯನ್ನೇ ನಾವು ತಪ್ಪು ಕಾರಿನ ಮೇಲೆ ಹಾಕಿದ್ದೆವು.

ಆದರೂ ಲೆಕ್ಕದಲ್ಲಿ ಬರದ ಮಾತುಗಳಿವೆ. ಪದ್ಮಿನಿಗೆ ಏರ್‌ಬ್ಯಾಗಿಲ್ಲ. ಡ್ರಮ್ ಬ್ರೇಕಿನ ಕಾರನ್ನು ಮಳೆಯಲ್ಲಿ ಮುಂದಿನ ಗಾಡಿಯಿಂದ ದೂರವಿಟ್ಟೇ ಓಡಿಸಬೇಕು. ಈಗಿನ ಪೆಟ್ರೋಲಿನಲ್ಲಿ ಬೆರೆತ ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಹಾಗಾಗಿ ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸಿದ್ದೇನೆ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ನಿಲ್ಲಿಸುವುದಿಲ್ಲ. ಬಿಡಿಭಾಗ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ದಿನವಿಡೀ ಹುಡುಕಬೇಕು. ಅತ್ತೆಯನ್ನು ರಾತ್ರಿ ಆಸ್ಪತ್ರೆಗೆ ಒಯ್ಯುವುದಾದರೆ ಹೇಗೆ ಎಂಬುದೇ ನನ್ನನ್ನು ಹೆಚ್ಚು ಕಾಡಿತು. ಪಕ್ಕದ ಮನೆಯ ಟ್ಯಾಕ್ಸಿಯವನು, "ಅಕ್ಕ, ಎಷ್ಟೊತ್ತಿಗಾದ್ರೂ ಕರೀರಿ" ಅಂದ ಮೇಲೆ ಮನಸ್ಸು ತಿಳಿಯಾಯಿತು.

ಅಪ್ಪಯ್ಯನ ಕಾಲದಿಂದಲೂ ಈ ಕಾರನ್ನು ಬಲ್ಲ ಮೇಸ್ತ್ರಿಯನ್ನೂ ಕೇಳಿದೆ. ಕಣ್ಣು ಮಂಜಾಗಿದ್ದರೂ ಅವರು ಕಿವಿಯಲ್ಲೇ ಎಂಜಿನ್ನು ನೋಡುತ್ತಾರೆ. ಸ್ವಲ್ಪ ಹೊತ್ತು ಕೇಳಿ ಅಂದರು: "ಗಾಡಿ ಓಡ್ತಾ ಇದ್ರೆ ಗಾಡಿ ತಂಗಿ. ನಿಂತ್ರೆ ತಗಡು. ಓಡಿಸೋಕಾಗ್ತದೆ ಅಂದ್ರೆ ಇಟ್ಕೋ."

ಹೊಸ ಕಾರು ಹೋಯಿತು. ನಮ್ಮ ಮನೆಯವರು ತೋಟಕ್ಕೆ ಸ್ಕೂಟರಿನಲ್ಲಿ ಹೋಗುತ್ತಾರೆ, ಶಿವಮೊಗ್ಗಕ್ಕೆ ಬಸ್ಸು. ಸಂತೆಗೂ ಮದುವೆ ಮನೆಗೂ ಪದ್ಮಿನಿ. 2029ಕ್ಕೆ ಇದಕ್ಕೆ ಐವತ್ತು ತುಂಬಿದಾಗ ವಿಂಟೇಜ್ ಎಂದು ನೋಂದಾಯಿಸುವ ಅವಕಾಶವಿದೆ. ನಾನು ಮಾಡಿಸುವುದಿಲ್ಲ. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿಗಳಂಥದ್ದಕ್ಕೆ ತೆಗೆಯಬಹುದೇ ಹೊರತು ದಿನಬಳಕೆಗೆ ಓಡಿಸುವಂತಿಲ್ಲ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಬೀದಿ ಬಿಟ್ಟವು. ನಮ್ಮೂರಿನ ಬೀದಿಯಲ್ಲಿ ಒಂದಾದರೂ ತರಕಾರಿ ಹೊತ್ತು ಬರಲಿ ಎಂಬುದು ನನ್ನ ಆಸೆ. ನನ್ನ ಬೆರಳಿಗೆ ಪಾಯಿಂಟಿನ ಹದ ತಪ್ಪಿದ ದಿನ, ಓಡಿಸುವೆನೆಂದು ಮಾತು ಕೊಡುವವರಿಗೆ ಇದನ್ನು ಕೊಡುತ್ತೇನೆ. ಹೋಟೆಲಿನ ಬಾಗಿಲಿಗೆ ಕೊಡುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ವಾಹನವಿದ್ದು, ಕೈ ಕಟ್ಟಿದ ಕಾಲ ಬಂದರೆ, ಮೊದಲು ಖಾತೆ ಬರೆಯಿರಿ. ಮನೆಯ ಎಲ್ಲ ವಾಹನಗಳದ್ದೂ ಬರೆಯಿರಿ. ಒಂದು ಪುಟದಲ್ಲಿ ಅದು ತೆಗೆದುಕೊಳ್ಳುವ ದುಡ್ಡು, ಎದುರು ಪುಟದಲ್ಲಿ ಈ ವರ್ಷ ಅದು ಹೋಗಿಬಂದ ಊರುಗಳು. ಎದುರು ಪುಟ ಖಾಲಿ ಇದ್ದರೆ ಕೊಟ್ಟುಬಿಡಿ, ಶೆಡ್ಡಿನಲ್ಲಿ ತುಕ್ಕು ಹಿಡಿಸಬೇಡಿ. ತುಂಬಿದ್ದರೆ, ಮಾರಲು ಬೇರೆ ಏನಿದೆಯೆಂದು ಇನ್ನೊಮ್ಮೆ ನೋಡಿ.